ಮರುಭೂಮಿ ಕಾದಿಟ್ಟ ಹಾಳೂರು

ಮಲೆನಾಡಿನಲ್ಲಿ ಮನೆಯೊಂದು ಪಾಳುಬಿದ್ದರೆ ಕೆಲವೇ ವರ್ಷಗಳಲ್ಲಿ ಗಿಡಬಳ್ಳಿಗಳು ಅದನ್ನು ನುಂಗಿಬಿಡುತ್ತವೆ. ಮರುಭೂಮಿಯ ರೀತಿಯೇ ಬೇರೆ. ಅಮೆರಿಕದ ನೆವಾಡಾ ಸಂಸ್ಥಾನದಲ್ಲಿ, ಡೆತ್ ವ್ಯಾಲಿ ಎಂಬ ಕಣಿವೆಯ ಸಮೀಪದಲ್ಲಿರುವ ರಯೊಲೈಟ್ ಎಂಬ ಹಾಳೂರು ಇದಕ್ಕೆ ನಿದರ್ಶನ.

1904ರಲ್ಲಿ ಅಲ್ಲಿ ಚಿನ್ನ ದೊರೆಯಿತು. ನಾಲ್ಕೈದು ವರ್ಷಗಳೊಳಗೆ ಸಾವಿರಾರು ಜನ ನೆರೆದರು. ವಿದ್ಯುದ್ದೀಪ, ಶಾಲೆ, ಮೂರಂತಸ್ತಿನ ಬ್ಯಾಂಕು ಎಲ್ಲವೂ ಬಂದವು. ಮೂರು ರೈಲ್ವೆ ಕಂಪನಿಗಳು ಊರಿಗೆ ಗಾಡಿ ಓಡಿಸಿದವು. ಮರದ ಅಭಾವವಿದ್ದುದರಿಂದ ಟಾಮ್ ಕೆಲ್ಲಿ ಎಂಬಾತನು ಸಾವಿರಾರು ಗಾಜಿನ ಸೀಸೆಗಳನ್ನು ಮಣ್ಣಿನ ಗಾರೆಯಲ್ಲಿ ಜೋಡಿಸಿ ಮನೆಯನ್ನೇ ಕಟ್ಟಿದನು!

ಆದರೆ ಊರಿನ ಜೀವವಿದ್ದುದು ಅದಿರಿನಲ್ಲಿ. 1907ರ ಹಣಕಾಸಿನ ಮುಗ್ಗಟ್ಟಿನಿಂದ ಬಂಡವಾಳ ಬತ್ತಿತು. 1911ರಲ್ಲಿ ಮುಖ್ಯ ಗಣಿ ಮುಚ್ಚಿತು. 1916ರಲ್ಲಿ ವಿದ್ಯುತ್ತು ನಿಂತಿತು. ಸಾಗಿಸಲು ಸರಕಿಲ್ಲದ ಮೇಲೆ ರೈಲಿಗೇನು ಕೆಲಸ? ಲಾಸ್ ವೇಗಾಸ್–ಟೊನೊಪಾ ಮಾರ್ಗವು 1918ರಲ್ಲಿ ಕೊನೆಗೊಂಡಿತು. ಕಂಬಿಗಳನ್ನು ಕಿತ್ತರು, ಅದರ ಹಾದಿಯ ಕೆಲಭಾಗ ಮುಂದೆ ಹೆದ್ದಾರಿಯಾಯಿತು.

ರೈಲುನಿಲ್ದಾಣ, ಸೀಸೆಮನೆ, ಬ್ಯಾಂಕಿನ ಮೊಂಡುಗೋಡೆಗಳು ಇಂದಿಗೂ ನಿಂತಿವೆ. ಕಾರಣ ಸರಳ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೂ ಕಬ್ಬಿಣದ ತುಕ್ಕಿಗೂ ತೇವ ಬೇಕು. ಅಲ್ಲಿ ಮಳೆ ಅತ್ಯಲ್ಪ. ಆದುದರಿಂದ ಊರನ್ನು ಕರಗಿಸಿದುದು ಮಳೆಗಿಂತ ಹೆಚ್ಚಾಗಿ ಮನುಷ್ಯನೇ: ಅನೇಕ ಕಟ್ಟಡಗಳನ್ನು ಬಿಚ್ಚಿ ನೆರೆಯ ಬೀಟಿ ಮುಂತಾದ ಊರುಗಳಿಗೆ ಸಾಗಿಸಿದರು.

ಇಂತಹ ಸ್ಥಳಗಳನ್ನು ನೋಡಹೋಗುವವರು ಎರಡು ವಿಷಯ ನೆನಪಿಡಬೇಕು. ಹಳೆಯ ಗಣಿಯ ಬಾವಿಗಳು ಪ್ರಾಣಾಂತಕ. ಅವುಗಳ ಹತ್ತಿರ ಸುಳಿಯಬಾರದು. ತುಕ್ಕುಹಿಡಿದ ಮೊಳೆಯಾದರೂ ಬಿದ್ದಲ್ಲೇ ಇರಲಿ. ವಸ್ತುವನ್ನು ಅದರ ನೆಲೆಯಿಂದ ತೆಗೆದರೆ, ಅದು ಹೇಳಬೇಕಾದ ಚರಿತ್ರೆ ಅಲ್ಲಿಗೆ ಮುಗಿಯುತ್ತದೆ. ಮರುಭೂಮಿ ನೂರು ವರ್ಷ ಕಾದಿಟ್ಟುದನ್ನು ಒಂದು ಕೈ ಕ್ಷಣದಲ್ಲಿ ಕಳೆಯಬಲ್ಲದು.