ಮೂರು ಮೂಲೆ ನೋಡಿದರೆ ಸಾಕೇ?

ದ್ವಿತೀಯ ಪಿಯುಸಿ ತರಗತಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ನನ್ನ ಅಭ್ಯಾಸ ಬೋಧನೆಯ ಪಾಠವಾಗಿತ್ತು. ಕ್ಷ ≥ 0, ಯ ≥ 0, ಕ್ಷ + ಯ ≤ 4 ಎಂಬ ತ್ರಿಕೋನವನ್ನು ಕಪ್ಪುಹಲಗೆಯ ಮೇಲೆ ಬರೆದು, “ಗರಿಷ್ಠ ಬೆಲೆಗೆ ಮೂರು ಮೂಲೆ ನೋಡಿದರೆ ಸಾಕು” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಕ್ಷ, ಯಗಳ ಗುಣಲಬ್ಧ ಕೊಟ್ಟರೂ ಮೂಲೆಯೇನಾ?” ಎಂದು ಕೇಳಿದಳು. “ಹೌದಮ್ಮ, ಅದೇ ನಿಯಮ” ಎಂದುಬಿಟ್ಟೆ. ಪಾಠ ವೀಕ್ಷಿಸುತ್ತಿದ್ದ ಮೇಡಂ ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಲೆಕ್ಕ ಮಾಡಿ ನೋಡಿ.”

ಮಾಡಿದೆ. ಮೂರು ಮೂಲೆಗಳಲ್ಲೂ ಸೊನ್ನೆ. (2, 2)ರಲ್ಲಿ 4!

ನಾನು ನಿಯಮ ಹೇಳಿದ್ದೆ, ಕಾರಣ ಹೇಳಿರಲಿಲ್ಲ. 3ಕ್ಷ + 2ಯ ಎಂಬಂಥ ರೇಖೀಯ ಫಂಕ್ಷನ್ನಿನಲ್ಲಿ ಯಾವ ದಿಕ್ಕಿಗೆ ನೇರವಾಗಿ ನಡೆದರೂ ಬೆಲೆ ಒಂದೇ ಸಮನೆ ಏರುತ್ತದೆ, ಇಳಿಯುತ್ತದೆ, ಇಲ್ಲವೇ ಬದಲಾಗುವುದೇ ಇಲ್ಲ. ಏರುವ ದಿಕ್ಕು ಹಿಡಿದರೆ ಅಂಚಿಗೆ ಬರುತ್ತೇವೆ. ಅಂಚಿನಲ್ಲೇ ಮುಂದುವರಿದರೆ ಮೂಲೆಗೆ. ಗುಣಲಬ್ಧ ಹಾಗಲ್ಲ, ಅಂಚಿನ ನಡುವೆಯೇ ಏರಿ ಇಳಿಯುತ್ತದೆ.

ಮರುದಿನದ ಪಾಠ ಯೋಜನೆಗೆ ಕ್ಷ² + ಯ² − 2ಕ್ಷ − 2ಯ ತೆಗೆದುಕೊಂಡೆ. ಪದವಿ ತರಗತಿಯಲ್ಲಾದರೆ ಎರಡೂ ಆಂಶಿಕ ನಿಷ್ಪನ್ನಗಳನ್ನು ಸೊನ್ನೆಗೆ ಸಮ ಮಾಡಿ ಒಳಗಿನ ಬಿಂದು (1, 1) ಪಡೆಯುತ್ತೇವೆ. ಅಲ್ಲಿ ಬೆಲೆ −2. ಪಿಯುಸಿ ಮಕ್ಕಳಿಗೆ ವರ್ಗ ಪೂರ್ಣಗೊಳಿಸುವುದೇ ಸಾಕು: (ಕ್ಷ − 1)² + (ಯ − 1)² − 2. ಅಂದರೆ (1, 1)ರಿಂದ ಇರುವ ದೂರದ ವರ್ಗದಲ್ಲಿ 2 ಕಳೆದದ್ದು. ಇನ್ನು ಅಂಚುಗಳು. ಕ್ಷ = 0 ಆದಾಗ ಯ² − 2ಯ ಉಳಿಯುತ್ತದೆ, ಅದರ ಕನಿಷ್ಠ −1; ಯ = 0 ಅಂಚಿನಲ್ಲೂ ಹಾಗೆಯೇ. ಓರೆ ಅಂಚಿನಲ್ಲಿ ಯ = 4 − ಕ್ಷ ಎಂದು ಆದೇಶಿಸಿದರೆ 2(ಕ್ಷ − 2)²: ನಡುವೆ 0, ಎರಡು ತುದಿಗಳಲ್ಲಿ 8. ಮೂಲಬಿಂದುವಿನಲ್ಲಿ 0. ಹೀಗಾಗಿ ಕನಿಷ್ಠ −2 ಒಳಗೆ, ಗರಿಷ್ಠ 8 ಎರಡು ಮೂಲೆಗಳಲ್ಲಿ.

ನಮ್ಮಲ್ಲಿ ಅನೇಕರು ಇಲ್ಲಿ ಎರಡನೇ ನಿಷ್ಪನ್ನದ ಪರೀಕ್ಷೆಗೆ ಅರ್ಧ ಅವಧಿ ಕಳೆಯುತ್ತೇವೆ. ಅದು ಬೇಕಿಲ್ಲ. ಪ್ರದೇಶ ಅಂಚು ಸಮೇತ ಸೀಮಿತವಾಗಿದ್ದು ಫಂಕ್ಷನ್ ಅವಿಚ್ಛಿನ್ನವಾಗಿದ್ದರೆ ಗರಿಷ್ಠ, ಕನಿಷ್ಠ ಎರಡೂ ಇದ್ದೇ ಇರುತ್ತವೆ. ಸಿಕ್ಕ ಬೆಲೆಗಳನ್ನು ಹೋಲಿಸಿದರೆ ಮುಗಿಯಿತು.

ನಿನ್ನೆ ಹೇಳಿದ್ದು ತಪ್ಪು ಎಂದು ತರಗತಿಗೆ ಹೇಳಿಯೇ ಪಾಠ ಆರಂಭಿಸಿದ್ದೆ. ಕೊನೆಯಲ್ಲಿ ಅದೇ ಹುಡುಗಿ, “ಆ ಓರೆ ಗೆರೆ ಅಳಿಸಿಬಿಟ್ಟರೆ?” ಎಂದಳು. ಈ ಸಲ ಉತ್ತರ ಹೇಳದೆ ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. (10, 0)ರಲ್ಲಿ 80, (100, 0)ರಲ್ಲಿ 9800 ಎಂದು ಬರೆದವಳು, “ಗರಿಷ್ಠ ಇಲ್ಲವೇ ಇಲ್ಲ ಸರ್, ಕನಿಷ್ಠ ಮಾತ್ರ ಅಲ್ಲೇ ಇದೆ” ಎಂದಳು.