ನವೀಕರಣ ಪ್ರಕ್ರಿಯೆಗಳಿಂದ ಮಂದಗತಿಗಿಳಿಯುವ ಗಣಕಯಂತ್ರ: ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಮಾಹಿತಿಗಾಗಿ.

ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಹಾಗೂ ನಮೂನೆ-11ರ ವಿತರಣೆ, ಪಂಚತಂತ್ರದಲ್ಲಿ ತೆರಿಗೆ ಮತ್ತು ಲೆಕ್ಕಪತ್ರಗಳ ದಾಖಲಾತಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳ ವಿಲೇವಾರಿ ಇವೆಲ್ಲವೂ ಇಂದು ಗಣಕಯಂತ್ರವನ್ನೇ ಅವಲಂಬಿಸಿವೆ. ಬೆಳಗಿನ ವೇಳೆಯಲ್ಲಿ ಅದು ಮಂದಗತಿಗಿಳಿದರೆ, ದಿನದ ಕೂಲಿ ಬಿಟ್ಟು ಕಚೇರಿಗೆ ಬಂದವರು "ನಾಳೆ ಬನ್ನಿ" ಎಂಬ ಉತ್ತರ ಕೇಳಿ ಹಿಂದಿರುಗಬೇಕಾಗುತ್ತದೆ. ಇಂತಹ ಸಂದರ್ಭಗಳಲ್ಲಿ ಸರ್ವರ್ ಮೇಲೆ ದೋಷ ಹೊರಿಸುವುದು ಅಥವಾ ಹೊಸ ಯಂತ್ರದ ಖರೀದಿಗೆ ಪ್ರಸ್ತಾವ ಮಂಡಿಸುವುದು ವಾಡಿಕೆ. ವೆಚ್ಚಕ್ಕೆ ಅನುಮೋದನೆ ನೀಡುವ ಮುನ್ನ ನೈಜ ಕಾರಣವನ್ನು ಪರಿಶೀಲಿಸುವುದು ಸೂಕ್ತ.

ಕಾರಣವೇನು?

ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯು ತನ್ನ ಲೋಪಗಳನ್ನು ಸರಿಪಡಿಸಿಕೊಳ್ಳಲು ನವೀಕರಣ ಕಡತಗಳನ್ನು ಅಂತರ್ಜಾಲದಿಂದ ತಾನಾಗಿಯೇ ಪಡೆಯುತ್ತದೆ. ಬಳಿಕ ಅವುಗಳನ್ನು ಬಿಡಿಸಿ, ಪರಿಶೀಲಿಸಿ, ಅಳವಡಿಸಿ, ಮರುಚಾಲನೆಯೊಂದಿಗೆ ಪೂರ್ಣಗೊಳಿಸುತ್ತದೆ. ಈ ಕೆಲಸ ಪರದೆಯ ಹಿಂದೆ ನಡೆಯುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಹಳೆಯ ಮಾದರಿಯ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಇದರ ಹೊರೆ ಹೆಚ್ಚು.

ಮೈಕ್ರೋಸಾಫ್ಟ್ ಸಂಸ್ಥೆಯು ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ನವೀಕರಣಗಳನ್ನು ಬಿಡುಗಡೆ ಮಾಡುತ್ತದೆ. ಭಾರತದಲ್ಲಿ ಆಗ ರಾತ್ರಿ. ಆದ್ದರಿಂದ ಮರುದಿನ ಬುಧವಾರ ಕಚೇರಿ ತೆರೆದು ಯಂತ್ರ ಚಾಲೂ ಮಾಡಿದೊಡನೆ, ಜನರು ಸರದಿಯಲ್ಲಿರುವಾಗಲೇ ಈ ಕೆಲಸ ಆರಂಭವಾಗಬಹುದು. ಸಂಜೆ ಅದು ಮುಗಿಯುವ ಮೊದಲೇ ಮುಖ್ಯ ಸ್ವಿಚ್ ಆರಿಸಿದರೆ ಉಳಿದ ಕೆಲಸ ಮರುದಿನದ ಬೆಳಗಿಗೆ ಬೀಳುತ್ತದೆ. ಹೀಗೆ ಒಂದು ದಿನದ ತೊಂದರೆ ವಾರಗಟ್ಟಲೆ ಮುಂದುವರಿಯುತ್ತದೆ.

ಪತ್ತೆ ಹಚ್ಚುವ ಕ್ರಮ

ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಡಿಸ್ಕ್ ಅಥವಾ ಸಿಪಿಯು ಬಳಕೆ ಶೇ. 100ರ ಸಮೀಪವಿದ್ದು, ಪಟ್ಟಿಯ ಮೇಲ್ಭಾಗದಲ್ಲಿ "ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್" ಅಥವಾ "ವಿಂಡೋಸ್ ಅಪ್‌ಡೇಟ್" ಕಂಡುಬಂದರೆ ನವೀಕರಣವೇ ಕಾರಣವೆಂದು ತಿಳಿಯಬಹುದು. ಈ ಅಂಕಿಗಳು ಕಡಿಮೆಯಿದ್ದು ಒಂದೇ ಜಾಲತಾಣ ನಿಧಾನವಾಗಿದ್ದರೆ ತೊಂದರೆ ಸರ್ವರ್ ಅಥವಾ ಅಂತರ್ಜಾಲ ಸಂಪರ್ಕದಲ್ಲಿರುವ ಸಾಧ್ಯತೆ ಹೆಚ್ಚು.

ಕೈಗೊಳ್ಳಬಹುದಾದ ಕ್ರಮಗಳು

1. ಎರಡನೇ ಮಂಗಳವಾರದ ಮರುದಿನ, ಸಾರ್ವಜನಿಕರ ಕೆಲಸ ಮುಗಿದ ನಂತರ, ಸಿಬ್ಬಂದಿಯೊಬ್ಬರ ಸಮ್ಮುಖದಲ್ಲಿ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಿಂದ ನವೀಕರಣವನ್ನು ಪೂರ್ಣಗೊಳಿಸಿ, "ರೀಸ್ಟಾರ್ಟ್" ಮಾಡುವುದು. ಈ ವೇಳೆ ಯುಪಿಎಸ್ ಸುಸ್ಥಿತಿಯಲ್ಲಿರಬೇಕು.

2. "ಆಕ್ಟಿವ್ ಅವರ್ಸ್"ನಲ್ಲಿ ಕಚೇರಿ ವೇಳೆಯನ್ನು ನಮೂದಿಸುವುದು. ಇದು ಆ ಅವಧಿಯಲ್ಲಿ ತಾನಾಗಿ ಮರುಚಾಲನೆಯಾಗುವುದನ್ನು ತಡೆಯುತ್ತದೆಯೇ ಹೊರತು ಕಡತಗಳ ಇಳಿಕೆಯನ್ನಲ್ಲ.

3. "ಡೆಲಿವರಿ ಆಪ್ಟಿಮೈಸೇಷನ್" ವಿಭಾಗದಲ್ಲಿ ನವೀಕರಣ ಬಳಸುವ ಅಂತರ್ಜಾಲ ವೇಗಕ್ಕೆ ಮಿತಿ ಹಾಕುವುದು.

4. ಗ್ರಾಮ ಸಭೆ ಅಥವಾ ಮಾರ್ಚ್ 31ರ ಲೆಕ್ಕ ಮುಕ್ತಾಯದಂತಹ ಒತ್ತಡದ ದಿನಗಳಲ್ಲಿ ಮಾತ್ರ ನವೀಕರಣವನ್ನು ಒಂದು ವಾರ ತಡೆಹಿಡಿದು, ಬಳಿಕ ತಪ್ಪದೆ ಅಳವಡಿಸುವುದು.

5. ಡಿಸ್ಕ್‌ನಲ್ಲಿ ಸ್ಥಳಾವಕಾಶ ಕಡಿಮೆಯಿದ್ದರೆ ತಾತ್ಕಾಲಿಕ ಕಡತಗಳನ್ನು ಅಳಿಸುವುದು. ಆದರೆ "ಡೌನ್‌ಲೋಡ್ಸ್" ಎಂಬ ಆಯ್ಕೆಯನ್ನು ಗುರುತು ಮಾಡಬಾರದು. ಅರ್ಜಿದಾರರ ದಾಖಲೆಗಳು ಅಲ್ಲಿಯೇ ಇರುವ ಸಂಭವವಿದೆ.

ಮಾಡಬಾರದ ಕೆಲಸ

ವೇಗಕ್ಕಾಗಿ ನವೀಕರಣವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುವ ಸಲಹೆಯನ್ನು ಒಪ್ಪಬಾರದು. 2017ರ ಮೇ ತಿಂಗಳಲ್ಲಿ "ವನ್ನಾಕ್ರೈ" ಎಂಬ ಕುತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳಲ್ಲಿ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ಬಳಸಿಕೊಂಡ ಲೋಪಕ್ಕೆ ಪರಿಹಾರವು ಅದೇ ವರ್ಷದ ಮಾರ್ಚ್‌ನಲ್ಲಿಯೇ ಬಿಡುಗಡೆಯಾಗಿತ್ತು; ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ತುತ್ತಾದವು. ಒಂದು ಗ್ರಾಮದ ಆಸ್ತಿ ಹಾಗೂ ತೆರಿಗೆ ಕಡತಗಳಿರುವ ಯಂತ್ರವನ್ನು ಅಂತಹ ಅಪಾಯಕ್ಕೆ ಒಡ್ಡಲಾಗದು. ಅಳವಡಿಕೆಯ ನಡುವೆ ವಿದ್ಯುತ್ ಕಡಿತಗೊಳಿಸುವುದೂ ಹಾನಿಕರ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿರುವುದನ್ನೂ ಗಮನಿಸಬೇಕು. ನವೀಕರಣ ಬಾರದೆ ಯಂತ್ರ ಹಗುರವಾಗಿ ಓಡುತ್ತಿದೆ ಎಂಬುದು ಸಮಾಧಾನದ ಸಂಗತಿಯಲ್ಲ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ದುರಸ್ತಿ ಅಥವಾ ಖರೀದಿ ಪ್ರಸ್ತಾವ ಬಂದಾಗ ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಂದ ಮೂರು ಅಂಶಗಳನ್ನು ತಿಳಿಯಬಹುದು: ಯಂತ್ರದಲ್ಲಿರುವ ವಿಂಡೋಸ್ ಆವೃತ್ತಿ ಯಾವುದು? ಕೊನೆಯ ನವೀಕರಣ ಪೂರ್ಣಗೊಂಡ ದಿನಾಂಕ ಯಾವುದು? ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಅಳವಡಿಸಿದರೆ ಸಾಕಾಗುವುದೇ? ನವೀಕರಣ ಮುಗಿದ ಮೇಲೂ ನಿಧಾನಗತಿ ದಿನಗಟ್ಟಲೆ ಉಳಿದರೆ ಮಾತ್ರ ತಂತ್ರಜ್ಞರ ತಪಾಸಣೆ ಅಗತ್ಯ. ತಿಂಗಳಿಗೊಂದು ಸಂಜೆಯ ಈ ಶಿಸ್ತು ಪಂಚಾಯಿತಿಯ ಹಣವನ್ನೂ ನಾಗರಿಕರ ದಿನಗೂಲಿಯನ್ನೂ ಉಳಿಸಬಲ್ಲದು.