ವೆಬ್‌ಮಿನ್

ವೆಬ್‌ಮಿನ್ ಎಂಬುದು ಲಿನಕ್ಸ್ ಹಾಗೂ ಇತರ ಯುನಿಕ್ಸ್ ಮಾದರಿಯ ಸರ್ವರ್‌ಗಳನ್ನು ಬ್ರೌಸರ್ ಮೂಲಕ ನಿರ್ವಹಿಸಲು ನೆರವಾಗುವ ಮುಕ್ತ ತಂತ್ರಾಂಶ. ಜೇಮೀ ಕ್ಯಾಮರನ್ ಪರ್ಲ್ ಭಾಷೆಯಲ್ಲಿ ರಚಿಸಿದ ಇದರ ಮೊದಲ ಆವೃತ್ತಿಯು 1997ರಲ್ಲಿ ಬಿಡುಗಡೆಯಾಯಿತು. ಸಾಮಾನ್ಯವಾಗಿ ಇದು 10000ನೇ ಪೋರ್ಟ್‌ನಲ್ಲಿ ಕಾರ್ಯನಿರ್ವಹಿಸುತ್ತದೆ.

ಅಪಾಚೆ ವೆಬ್ ಸರ್ವರ್‌ನ ಸಂರಚನೆಯು ಪಠ್ಯ ಕಡತಗಳಲ್ಲಿರುತ್ತದೆ. ಅಲ್ಲಿ ಒಂದು ಸಾಲು ತಪ್ಪಿದರೂ ಸರ್ವರ್ ಆರಂಭವಾಗದಿರಬಹುದು. ವೆಬ್‌ಮಿನ್‌ನ ಅಪಾಚೆ ಘಟಕವು ವರ್ಚುವಲ್ ಹೋಸ್ಟ್ ಮುಂತಾದ ವಿವರಗಳನ್ನು ನಮೂನೆಗಳ ಮೂಲಕ ಪಡೆದು ಅದೇ ಕಡತಗಳನ್ನು ತಿದ್ದುತ್ತದೆ. ಆದ್ದರಿಂದ ಕೈಯಾರೆ ಮಾಡಿದ ಬದಲಾವಣೆಗಳೂ ಅದರಲ್ಲಿ ಕಾಣಿಸುತ್ತವೆ.

ಈ ಅನುಕೂಲದ ಜೊತೆಗೆ ಅಪಾಯವೂ ಇದೆ. ವೆಬ್‌ಮಿನ್ ರೂಟ್ ಅಧಿಕಾರದೊಂದಿಗೆ ನಡೆಯುವುದರಿಂದ, ಅದನ್ನು ವಶಪಡಿಸಿಕೊಂಡವರಿಗೆ ಇಡೀ ಸರ್ವರ್ ದಕ್ಕಬಹುದು. ಕೆಲವು ಆವೃತ್ತಿಗಳಲ್ಲಿ ಗುಟ್ಟಾಗಿ ಸೇರಿಸಲಾಗಿದ್ದ ಹಿಂಬಾಗಿಲೊಂದು 2019ರಲ್ಲಿ ಬೆಳಕಿಗೆ ಬಂದಿತು, 1.930ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಹೀಗಾಗಿ ಈ ಪೋರ್ಟನ್ನು ನಂಬಿಕೆಯ ಐಪಿ ವಿಳಾಸಗಳಿಗಷ್ಟೇ ತೆರೆದಿಡುವುದು ಸೂಕ್ತ.